ಹೊಸಮುಖ ಬೇಕಾಗ್ಯಾವ ಅಂತ ಬಂದ್ರ, ಜೋಡಿ ಕುಂತು ಓದ್ರಿ

ಹೋದ ತಿಂಗಳ ನಮ್ಮ ಅಕ್ಕನ ಮನ್ಯಾಗ ಆದ ರಂಪ ನಿಮಗೆಲ್ಲ ಗೊತ್ತೇ ಅದ. ಅರ್ಧ ಮಂದಿ ಅಲ್ಲೇ ಇದ್ರಿ, ಉಳಿದೋರು ಫೋನಿನ್ಯಾಗ ಕೇಳೀರಿ. ಅಕ್ಕನ ಮಗಳು ಸೀರಿಯಲ್‌ದಾಗ ಪಾರ್ಟ್ ಸಿಗ್ತದಂತ ಯಾರಿಗೋ 4,500 ರೂಪಾಯಿ ಕಳಿಸಿದ್ಳು. ರೊಕ್ಕ ತಗೊಂಡಾವ ನಂಬರ್ ಬ್ಲಾಕ್ ಮಾಡಿ ಕುಂತ. ಸುದ್ದಿ ಗಿಲ್ಲೆಸುಗೂರು ಬಸ್ ಸ್ಟ್ಯಾಂಡ್ ದಾಟಿ ರಾಯಚೂರ ತನಕ ಹೋಗಿ, ಅಲ್ಲಿಂದ 45,000 ಆಗಿ ತಿರುಗಿ ನಮ್ಮ ಮನಿಗೇ ಬಂತು. ಅದಕ್ಕ ಮೊದ್ಲು ಲೆಕ್ಕ ಸರಿ ಮಾಡ್ತೀನಿ: ಹೋಗಿದ್ದು 4,500. ಮಂದಿ ಸೀರಿಗೆ ಫಾಲ್ ಹಚ್ಚಿ, ಬ್ಲೌಸಿಗೆ ಹುಕ್ಕು ಹಾಕಿ ಅಕಿ ಕೂಡಿಟ್ಟ ರೊಕ್ಕ ಅದು.

ಅವತ್ತು ನಾವೆಲ್ಲ ಏನು ಮಾಡಿದ್ವಿ? ಮಾವ ಫೋನ್ ಕಸ್ಕೊಂಡ್ರು. ಅಕ್ಕ ಹಣಿ ಹಣಿ ಬಡ್ಕೊಂಡ್ಳು. ಯಾರೋ ಒಬ್ಬರು "ಮೊದ್ಲು ಒಂದು ಗಂಡು ನೋಡ್ರಿ" ಅಂದ್ರು. ನಾನೇನು ಸುಮ್ನಿದ್ನೇನು? ನಾನೂ ಬೈದೆ. "ಇಷ್ಟು ಓದಿದಾಕಿ, ಅಷ್ಟೂ ತಿಳೀಲಿಲ್ಲಾ ನಿಂಗ" ಅಂದೆ. ಒಬ್ರಾದ್ರೂ "ಹ್ಯಾಂಗ ಆತವ್ವಾ ಇದು" ಅಂತ ಕೇಳ್ಲಿಲ್ಲ.

ನಾ ಕೇಳಿದ್ದು ನಾಕು ದಿನ ಆದ ಮ್ಯಾಲ. ಅಕಿ ನಮ್ಮನಿಗೆ ಹಿಟ್ಟು ಒಯ್ಯಾಕ ಬಂದಿದ್ಳು. ಆವಾಗ ಗೊತ್ತಾತು, ರೊಕ್ಕ ಹೋಗಿದ್ದು ನಮಗ ಗೊತ್ತಾಗೋ ಮೊದ್ಲೇ 11 ದಿನ ಆಗಿತ್ತು. ಹನ್ನೊಂದು ದಿನ ಆ ಹುಡುಗಿ ರೊಟ್ಟಿ ಬಡ್ಕೊಂಡು, ಫಾಲ್ ಹಚ್ಕೊಂಡು, ನಮ್ಮ ಜೋಡಿ ಕುಂತು ಸೀರಿಯಲ್ ನೋಡ್ಕೊಂಡು ಒಳಗೇ ಅತ್ತಾಳ. ಯಾಕ ಹೇಳ್ಲಿಲ್ಲ ಅಂದ್ರ, "ಹೇಳಿದ್ರ ಫೋನ್ ಕಸ್ಕೋತಿದ್ರಿ ಸಣ್ಣವ್ವಾ" ಅಂದ್ಳು. ಕಸ್ಕೊಂಡೂ ಇದ್ವಿ. ನನಗ ಮಾತೇ ಹೊರಡ್ಲಿಲ್ಲ.

ಈ ಹನ್ನೊಂದು ದಿನದ ಬಗ್ಗೇನೇ ನಾ ಹೇಳಬೇಕಾಗಿದ್ದು. ಫೋನಿನ್ಯಾಗ ರೊಕ್ಕ ಹೋದ್ರ 1930 ಅಂತ ನಂಬರ್ ಅದ, ಸರ್ಕಾರದ್ದು. ಹೋದ ತಾಸಿನ್ಯಾಗ ಫೋನ್ ಮಾಡಿದ್ರ, ಆ ರೊಕ್ಕ ಇನ್ನೂ ಯಾವುದಾರ ಬ್ಯಾಂಕ್ ಖಾತೆದಾಗ ಇದ್ರ, ಅಲ್ಲೇ ತಡೆ ಹಿಡೀತಾರ. ದಿನ ಕಳೆದಂಗ ಅದು ಒಂದು ಖಾತೆಯಿಂದ ಇನ್ನೊಂದಕ್ಕ, ಅಲ್ಲಿಂದ ಮತ್ತೊಂದಕ್ಕ ಹೋಗಿ ಕೈಗೆ ಸಿಗಂಗಿಲ್ಲ. ಕಳ್ಳ ಬೆಂಗಳೂರಾಗ ಇದ್ನೋ ದಿಲ್ಲಿದಾಗ ಇದ್ನೋ ನಂಗೊತ್ತಿಲ್ಲ. ಆದ್ರ ಅವಂಗ ಹನ್ನೊಂದು ದಿನ ಟೈಮ್ ಕೊಟ್ಟಾವ್ರು ನಾವು, ನಮ್ಮ ಬೈಗಳದ ಹೆದರಿಕಿ. ಆಮ್ಯಾಲ ಸೈಬರ್ ಕ್ರೈಮ್ ಪೋರ್ಟಲ್‌ದಾಗ ದೂರು ಹಾಕೀವಿ. ರೊಕ್ಕ ಇನ್ನೂ ಬಂದಿಲ್ಲ.

ಅದು ಹ್ಯಾಂಗ ಆತು ಅಂತನೂ ಹೇಳ್ತೀನಿ, ನಿಮ್ಮ ಮನ್ಯಾಗೂ ಹುಡುಗ್ರಿದ್ದಾರ. ಇನ್‌ಸ್ಟಾಗ್ರಾಮಿನ್ಯಾಗ ಒಂದು ಜಾಹೀರಾತು: ಹೊಸ ಸೀರಿಯಲ್‌ಗೆ ಹೊಸಮುಖ ಬೇಕಾಗ್ಯಾವ, ವಯಸ್ಸು 18ರಿಂದ 25, ಅನುಭವ ಬ್ಯಾಡ, ಉತ್ತರ ಕರ್ನಾಟಕದ ಭಾಷೆ ಬರೋರಿಗೆ ಆದ್ಯತೆ. ಆ ಕಡೀ ಸಾಲು ಓದಿ ಅಕಿ ಎದ್ದು ಕುಂತಾಳ. ನಾನಾದ್ರೂ ಎದ್ದು ಕೂಡ್ತಿದ್ದೆ. ನಮ್ಮ ಮಾತು ಅಂದ್ರ ನಗಸಾಕಷ್ಟೇ ಅಂತ ತಿಳ್ಕೊಂಡೋರು ಬಾಳ ಮಂದಿ. ಸಿನಿಮಾದಾಗ ನಮ್ಮ ಭಾಷೆ ಮಾತಾಡೋರು ಬಂದ್ರ ಒಂದು ಬೈಗಳ, ಒಂದು ಮಿರ್ಚಿ-ಭಜಿ, ಮುಗೀತು. ಕಲರ್ಸ್ ಕನ್ನಡದಾಗ 'ಗಿಣಿರಾಮ' ಬಂದಾಗ ನಮ್ಮ ಓಣ್ಯಾಗ ಎಷ್ಟು ಖುಷಿ ಇತ್ತು ನೆನಪದನಾ? ಕಥಿ ಹ್ಯಾಂಗಿತ್ತೋ ಬಿಡ್ರಿ, ಮಾತು ನಮ್ಮ ಕಡೀದಿತ್ತು ಅನ್ನೋದಕ್ಕೇ ನೋಡಿದ್ವಿ.

ಅಕಿ 2 ಫೋಟೋ ಕಳಿಸ್ಯಾಳ. ಅರ್ಧ ತಾಸಿನ್ಯಾಗ "ಅಭಿನಂದನೆಗಳು, ನೀವು ಸೆಲೆಕ್ಟ್ ಆಗಿದ್ದೀರಿ" ಅಂತ ಬಂದದ. ರಿಜಿಸ್ಟ್ರೇಷನ್‌ಗೆ 1,500, ಶೂಟಿಂಗ್ ದಿನ ವಾಪಸ್ ಕೊಡ್ತೀವಿ. ಕೊಟ್ಳು. ಮರುದಿನ ಆರ್ಟಿಸ್ಟ್ ಕಾರ್ಡ್‌ಗೆ 3,000. ಅದೂ ಕೊಟ್ಳು. ಮೂರನೇ ದಿನ ಪೋರ್ಟ್‌ಫೋಲಿಯೋ ಅಂತ, ಅಂದ್ರ ದೊಡ್ಡ ಕ್ಯಾಮರಾದಾಗ ತೆಗಿಸೋ ಫೋಟೋಗಳ ಕಟ್ಟು, ಅದಕ್ಕ 12,000. ಇಲ್ಲ ಅಂದ್ಳು. ಆವಾಗ ಬ್ಲಾಕ್. ಮೊದ್ಲೇ 12,000 ಕೇಳಿದ್ರ ಅಕಿ ಕೊಡ್ತಿರ್ಲಿಲ್ಲ. ಸಣ್ಣದ್ರಿಂದ ಶುರು ಮಾಡಿ, ಕೊಟ್ಟಿದ್ದು ಹೋದೀತು ಅನ್ನೋ ಹೆದರಿಕಿ ಹುಟ್ಟಿಸಿ, ಮುಂದಿಂದು ಕೇಳೋದು ಅವರ ಕಸಬು. ನಮ್ಮ ಚೀಟಿ ರೊಕ್ಕ ಮುಳುಗಿಸಿದಾಕಿನೂ ಹಿಂಗೇ ಮಾಡಿದ್ಳು. ಆವಾಗ ನಾವು ನಲವತ್ತರ ಮ್ಯಾಲಿನ ಹೆಂಗಸ್ರೇ ಹದಿನೈದು ಮಂದಿ ಮೋಸ ಹೋಗಿದ್ವಿ. ನಮಗ್ಯಾರೂ ಗಂಡು ನೋಡಾಕ ಹೋಗ್ಲಿಲ್ಲ.

ಇನ್ನ "ನಾಟ್ಕದ ಚಟ ಯಾಕ ಬೇಕಿತ್ತು" ಅನ್ನೋ ಮಾತು. ಇದನ್ನ ನಾ ಒಪ್ಪಂಗಿಲ್ಲ. ಜಾತ್ರಿ ಬಂತಂದ್ರ ನಮ್ಮ ಕಡಿ ಹಳ್ಳ್ಯಾಗ ನಾಟ್ಕ ಇರಲೇಬೇಕು. ಗಂಡಸರು ತಿಂಗಳಗಟ್ಲೆ ಮಾತು ಬಾಯಿಪಾಠ ಮಾಡ್ತಾರ, ಹಾರ್ಮೋನಿಯಂ ಮಾಸ್ತರ್‌ನ ಕರಸ್ತಾರ. ಹೆಣ್ಣು ಪಾರ್ಟಿಗೆ ಮಾತ್ರ ಹೊರಗಿಂದ ರೊಕ್ಕ ಕೊಟ್ಟು ನಟಿಯರನ್ನ ತರ್ತಾರ. ಹೊಸಪೇಟಿ ಹತ್ರದ ಮರಿಯಮ್ಮನಹಳ್ಳಿ ಅಂದ್ರ ನಾಟ್ಕ ಮಾಡೋರಿಗೆಲ್ಲ ಗೊತ್ತು, ಅದು ರಂಗಭೂಮಿ ನಟಿಯರ ಊರು. ಆ ಹೆಣ್ಮಕ್ಕಳು ರಾತ್ರಿ ಬಂದು, ಗೊತ್ತಿಲ್ಲದ ಊರಾಗ, ಗೊತ್ತಿಲ್ಲದ ಮಂದಿ ಎದುರು ತಂಗಿ ಪಾರ್ಟ್, ತಾಯಿ ಪಾರ್ಟ್ ಮಾಡಿ, ನಮ್ಮನ್ನ ಅಳಿಸಿ, ಬೆಳಗಿನ ಬಸ್ಸಿಗೆ ಹೋಗ್ತಾರ. ಅವ್ರು ಉಂಡ್ರೋ ಇಲ್ಲೋ ನಾವು ಯಾವತ್ತಾದ್ರೂ ಕೇಳೀವೇನು? ಅದೇ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವ್ರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಪದ್ಮಶ್ರೀ ತಗೊಂಡ್ರು. ಆವಾಗ ಟಿವಿ ಮುಂದ ಕುಂತು "ನಮ್ಮ ಕಡೇರು" ಅಂತ ಕಣ್ಣೀರು ಒರಸ್ಕೊಂಡೋರು ನಾವೇ.

ಪುಟ್ಟಕ್ಕನ್ನ ಬಿಟ್ಟು ರಾತ್ರಿ ಅಡಗಿ ಆಗ್ತಿರ್ಲಿಲ್ಲ ನಮ್ಮನಿಗಳಾಗ. 2021ರ ಡಿಸೆಂಬರ್‌ದಾಗ ಶುರುವಾದ 'ಪುಟ್ಟಕ್ಕನ ಮಕ್ಕಳು' ಅಕ್ಕ ಒಂದು ದಿನ ತಪ್ಪಿಸ್ತಿರ್ಲಿಲ್ಲ. ಆ ಉಮಾಶ್ರೀ ಅವ್ರು ಎಲ್ಲಿಂದ ಬಂದ್ರು? ರಂಗಭೂಮಿಯಿಂದ. 'ಒಡಲಾಳ'ದ ಸಾಕವ್ವನ ಪಾರ್ಟ್ ಮಾಡಿ ಹೆಸ್ರಾದೋರು, 'ಗುಲಾಬಿ ಟಾಕೀಸ್' ಸಿನಿಮಾಕ್ಕ ರಾಷ್ಟ್ರಪ್ರಶಸ್ತಿ ಪಡದೋರು, ಮುಂದ ಮಹಿಳಾ ಮತ್ತ ಮಕ್ಕಳ ಇಲಾಖೆ ಸಚಿವೆನೂ ಆಗಿದ್ದೋರು. ಅವರನ್ನ ಕಂಡ್ರ ಕೈ ಮುಗಿಯೋ ನಮ್ಮಕ್ಕ, ಮಗಳು ಅದೇ ಕೆಲ್ಸಕ್ಕ ಅರ್ಜಿ ಹಾಕ್ಯಾಳಂದ್ರ ಮನಿ ಮಾನ ಹೋತು ಅಂತಾಳ. ಅಕ್ಕಾ, ನೀನೂ ಇದನ್ನ ಓದ್ತೀ ಅಂತ ಗೊತ್ತಿದ್ದೇ ಬರೀತೀನಿ.

ಆದ್ರ ಅಕ್ಕನ ಹೆದರಿಕಿ ಪೂರ್ತಿ ಸುಳ್ಳು ಅಂತ ನಾ ಅನ್ನಂಗಿಲ್ಲ. ಕೇರಳದಾಗ ಸಿನಿಮಾದ ಹೆಣ್ಮಕ್ಕಳ ಕಷ್ಟ ನೋಡಾಕ ಅಲ್ಲಿ ಸರ್ಕಾರ 2017ರಾಗ ನಿವೃತ್ತ ನ್ಯಾಯಮೂರ್ತಿ ಹೇಮಾ ಅವರ ಸಮಿತಿ ಮಾಡಿತ್ತು. ಅದರಾಗ ನಟಿ ಶಾರದಾ ಇದ್ರು. ನಮ್ಮ ಕಡಿ ತೆಲುಗು ಸಿನಿಮಾ ನೋಡಿದ ಹಿರೇರಿಗೆ ಊರ್ವಶಿ ಶಾರದಾ ಅಂದ್ರ ಗೊತ್ತಾಗ್ತದ. ವರದಿ ಕೊಟ್ಟಿದ್ದು 2019ರಾಗ, ಮಂದಿ ಕೈಗೆ ಬಂದಿದ್ದು 2024ರ ಆಗಸ್ಟ್‌ದಾಗ. ಪಾರ್ಟ್ ಬೇಕಂದ್ರ 'ಅಡ್ಜಸ್ಟ್' ಆಗ್ರಿ, 'ಕಾಂಪ್ರೊಮೈಸ್' ಮಾಡ್ಕೋರಿ ಅಂತ ಕೇಳೋ ಮಾತು ಅದ್ರಾಗ ಬರಹಕ್ಕ ಇಳಿದದ. ಅದಾದ ಮುಂದಿನ ತಿಂಗಳೇ ನಮ್ಮ ಕನ್ನಡ ಸಿನಿಮಾದ ಮಂದಿ, ಫೈರ್ ಅನ್ನೋ ಸಂಘದೋರು, ಇಲ್ಲೂ ಅಂಥದ್ದೊಂದು ಸಮಿತಿ ಮಾಡ್ರಿ ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ರು. ಒಳಗ ಇದ್ದೋರೇ ಅಂದ ಮ್ಯಾಲ ಹೊರಗಿನ ತಾಯಿ ಹೆದರೋದು ತಪ್ಪಲ್ಲ. ಆದ್ರ ಆ ಹೆದರಿಕಿಗೆ ಬಾಗ್ಲಾ ಹಾಕಿದ್ರ ಹುಡುಗಿ ಕಿಡಕ್ಯಾಗಿಂದ ಹೋಗ್ತಾಳ. ಫೋನ್ ಅನ್ನೋದು ಕಿಡಕಿನೇ. ಕದ್ದು ಹೋದ ಹುಡುಗಿಗೆ ಯಾರಾರ ರಾತ್ರಿ ಹತ್ತಕ್ಕ ವಿಡಿಯೋ ಕಾಲ್ ಮಾಡಿ "ಬಾಡಿ ನೋಡ್ಬೇಕು" ಅಂದ್ರ, ಅಕಿ ಯಾರ ಹತ್ರ ಹೇಳ್ತಾಳ? ಮನ್ಯಾಗ ಹೇಳಿ ಹೋದಾಕಿ ಅಷ್ಟೊತ್ತಿಗೆ "ನಮ್ಮ ಸಣ್ಣವ್ವ ಇಲ್ಲೇ ಕುಂತಾಳ, ಮಾತಾಡ್ರಿ" ಅಂತಾಳ. ಅವ ಫೋನ್ ಇಡ್ತಾನ.

ಅದಕ್ಕ ನಾ ಒಂದು ಕೆಲ್ಸ ಮಾಡಿದೆ. ಖರೇ ಜಾಹೀರಾತು ಹ್ಯಾಂಗಿರ್ತಾವ, ಸುಳ್ಳಾವು ಹ್ಯಾಂಗಿರ್ತಾವ ಅಂತ ಅಕಿ ಜೋಡಿ ಕುಂತು ನಾಕಾರು ವಾರ ಓದಿದೆ. ಹೊಸಮುಖ ಬೇಕಾಗಿರೋದು ಖರೇ. 'ತಿಥಿ' ಸಿನಿಮಾ ನೋಡೀರಲ್ಲ, ಅದ್ರಾಗಿನ ಗಡ್ಡಪ್ಪ, ಸೆಂಚುರಿಗೌಡ ಎಲ್ಲ ಮಂಡ್ಯದ ಹಳ್ಳಿ ಮಂದಿ, ಮೊದ್ಲು ಕ್ಯಾಮರಾ ಮುಂದ ನಿಂತೋರೇ ಅಲ್ಲ. ಸೀರಿಯಲ್‌ದವರಿಗಂತೂ ದಿನಾ ಒಂದು ಕಂತು ಹೋಗಬೇಕು, ಅತ್ತಿ, ನೆಗೆಣ್ಣಿ, ಕಾಲೇಜ್ ಗೆಳತಿ, ನರ್ಸ್, ಮಂದಿ ಬೇಕೇ ಬೇಕು.

ಖರೇ ಮಂದಿ ಕೇಳೋದು ಇಷ್ಟು. ಮೇಕಪ್ ಇಲ್ದ, ಫಿಲ್ಟರ್ ಇಲ್ದ ಫೋಟೋ: ಮುಖದ್ದು ಒಂದು, ಪೂರ್ತಿ ನಿಂತಿದ್ದು ಒಂದು, ಎಡ-ಬಲ ಮಗ್ಗಲದ್ದು ಒಂದೊಂದು. ಆಮ್ಯಾಲ ಒಂದು ಇಂಟ್ರೋ ವಿಡಿಯೋ: ಹೆಸ್ರು, ವಯಸ್ಸು, ಎತ್ತರ, ಊರು, ಯಾವ್ಯಾವ ಭಾಷೆ ಬರ್ತಾವ, ಮೊದ್ಲು ಏನಾರ ಮಾಡೀರೇನು. ಕಡೀಗೆ ಒಂದು ನಿಮಿಷದ ಡೈಲಾಗ್. ಫೋನ್ ಅಡ್ಡ ಹಿಡೀಬೇಕೋ ನಿಲ್ಲಿಸಬೇಕೋ ಅಂತ ಅವ್ರೇ ಬರದಿರ್ತಾರ. ಅದನ್ನ ನೋಡಿ, ಬೇಕನ್ನಿಸಿದ್ರ ಮುಂದ ಆಫೀಸಿಗೆ ಕರೀತಾರ, ಮತ್ತ ಡೈಲಾಗ್ ಕೊಡ್ತಾರ, ಲುಕ್ ಟೆಸ್ಟ್ ಅಂತ ಪಾರ್ಟಿನ ಸೀರಿ ಉಡಿಸಿ ನೋಡ್ತಾರ. ಬಾಳಷ್ಟು ಸಲ ಉತ್ತರನೇ ಬರಂಗಿಲ್ಲ. ಇದನ್ನ ನೆನಪಿಡ್ರಿ: ಖರೇ ಕಡೆಯಿಂದ ಉತ್ತರ ಬರೋದು ತಡ. ಅರ್ಧ ತಾಸಿನ್ಯಾಗ, ಡೈಲಾಗ್ ನೋಡ್ದನೇ, ಸೆಲೆಕ್ಟ್ ಅಂತ ಬಂತಂದ್ರ ಅಲ್ಲೇ ಸುಳ್ಳು.

ರೊಕ್ಕದ್ದು ಕೇಳಿದ್ರಂತೂ ಮಾತೇ ಬ್ಯಾಡ. ಹತ್ತಿ ಬಿಡಿಸಾಕ ಹೋದ ಕೂಲಿ ಹೆಂಗಸಿಗೆ ಹೊಲದ ಮಾಲಕ "ಮೊದ್ಲು ನೀ ರಿಜಿಸ್ಟ್ರೇಷನ್ ಕೊಡು" ಅಂತಾನೇನು? ಕೆಲ್ಸ ಮಾಡಿದೋರಿಗೆ ಅವ್ರು ಕೊಡಬೇಕು. ರಿಜಿಸ್ಟ್ರೇಷನ್, ಕಾರ್ಡ್, ಡ್ರೆಸ್ ಡಿಪಾಸಿಟ್, "ನಮ್ಮ ಅಕಾಡೆಮಿದಾಗ ಮೂರು ತಿಂಗಳು ಕಲಿತ್ರ ಪಾರ್ಟ್ ಗ್ಯಾರಂಟಿ", ಎಲ್ಲ ಒಂದೇ ಗಿಡದ ಕಾಯಿ. ಚಾನೆಲ್ ಹೆಸ್ರು, ಲೋಗೋ ಹಾಕಿದ್ರೂ ನಂಬಬ್ಯಾಡ್ರಿ, ಲೋಗೋ ಯಾರ್ ಬೇಕಾದ್ರೂ ಅಂಟಸ್ತಾರ. ಸೀರಿಯಲ್ ಯಾವುದು, ನಿರ್ಮಾಣ ಸಂಸ್ಥೆ ಯಾವುದು, ಆಫೀಸ್ ಎಲ್ಲಿ ಅಂತ ಕೇಳ್ರಿ. ಆಮ್ಯಾಲ ಅದೇ ಆಡಿಷನ್ ಚಾನೆಲ್‌ನ ಸ್ವಂತ ಪೇಜಿನ್ಯಾಗ ಅದನೋ ನೋಡ್ರಿ. ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಪಾರ್ಟ್ ಖಾತ್ರಿ ಆಗಿ ಕಾಗದಕ್ಕ ಸಹಿ ಬೀಳೋ ತನಕ ಕಳಿಸೋ ಮಾತೇ ಇಲ್ಲ. ಓಟಿಪಿ ಯಾವತ್ತೂ ಇಲ್ಲ. ಲಾಡ್ಜ್ ರೂಮಿನ್ಯಾಗ ಆಡಿಷನ್ ಅಂದ್ರ ಹೋಗೋದು ಬ್ಯಾಡ, ಜೋಡಿ ಯಾರೂ ಬರಬಾರ್ದು ಅಂದ್ರ ಅದಕ್ಕಿಂತ ಮೊದ್ಲು ಬ್ಯಾಡ.

ಹಿಂದಿನ ಮನಿ ವೈನಿ ತಮ್ಮ ಏಳು ವರ್ಷದ ಮಗನ್ನ ಮಕ್ಕಳ ರಿಯಾಲಿಟಿ ಶೋಕ್ಕ ಕಳಿಸ್ತೀನಿ ಅಂತ ಕುಣೀಲಾಕತ್ತಾರ, ಅವರಿಗೂ ಒಂದು ಮಾತು. ವೈನಿ, ಹುಡುಗ ಛಲೋ ಮಾತಾಡ್ತಾನ, ಕಳಿಸ್ರಿ. ಆದ್ರ ಕಾನೂನು ತಿಳ್ಕೊಂಡು ಕಳಿಸ್ರಿ. ಬಾಲಕಾರ್ಮಿಕ ಕಾಯ್ದೆಗೆ 2017ರಾಗ ಬಂದ ನಿಯಮದ ಪ್ರಕಾರ 14ರ ಕೆಳಗಿನ ಮಗು ದಿನಕ್ಕ 5 ತಾಸಿಗಿಂತ ಹೆಚ್ಚು ಕೆಲ್ಸ ಮಾಡಬಾರ್ದು, ನಡುವ ಪುರುಸೊತ್ತಿಲ್ದ 3 ತಾಸಿಗಿಂತ ಹೆಚ್ಚು ಇರಬಾರ್ದು, ಒಂದೇ ಸಮ 27 ದಿನದ ಮ್ಯಾಲ ದುಡಿಸಬಾರ್ದು. ಕಾರ್ಯಕ್ರಮ ಮಾಡೋರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ತಗೊಂಡಿರಬೇಕು. ಮಗು ಗಳಿಸಿದ್ದರಾಗ ಕಡಿಮಿ ಅಂದ್ರೂ ಶೇಕಡಾ 20 ರಾಷ್ಟ್ರೀಕೃತ ಬ್ಯಾಂಕಿನ್ಯಾಗ ಅವನ ಹೆಸರಿಲೇ ಠೇವಣಿ ಆಗಬೇಕು. ಅದನ್ನ ನಿಮ್ಮ ಯಜಮಾನ್ರು ಟ್ರ್ಯಾಕ್ಟರ್ ಕಂತಿಗೆ ಕಟ್ಟಾಕ ಬರಂಗಿಲ್ಲ. ಸಿಟ್ಟಾಗಬ್ಯಾಡ್ರಿ.

ಇನ್ನ ನಮ್ಮ ಹುಡುಗಿ. ಮಾವಗ ಹೇಳೇ ಫೋನ್ ವಾಪಸ್ ಕೊಡಿಸಿದೆ. ನನ್ನ ಕರಾರು ಎರಡೇ ಇದ್ವು: ಏನೇ ಬಂದ್ರೂ ಕಳಿಸೋ ಮೊದ್ಲು ನನಗ ತೋರಿಸ್ಬೇಕು, ಯಾವನಾರ ಅಡ್ಡಾದಿಡ್ಡಿ ಮಾತಾಡಿದ್ರ ಆ ಗಳಿಗ್ಯಾಗ ಹೇಳ್ಬೇಕು, ನಾ ಬೈಯ್ಯಂಗಿಲ್ಲ. ಈ ಎರಡನೇದ್ದು ನನಗೇ ಬಾಳ ತ್ರಾಸದ. ಹಂಗಂತ ಅಕಿಗೆ ಸುಳ್ಳು ಆಸಿನೂ ಹಚ್ಚಿಲ್ಲ. ಪಾರ್ಟ್ ಸಿಕ್ಕ್ರೂ ದಿನದ ಲೆಕ್ಕದ ಕೆಲ್ಸ ಅದು, ತಿಂಗಳಾಗ ನಾಕು ದಿನ ಕರದಾರು, ಇಲ್ಲಂದ್ರ ಇಲ್ಲ. ರೊಕ್ಕ ಕೈಗೆ ಬರೋದು ತಿಂಗಳುಗಟ್ಲೆ ತಡ ಆಗ್ತದ, ಬೆಂಗಳೂರಾಗ ರೂಮಿನ ಬಾಡಿಗಿ ತಡ ಮಾಡಾಕ ಬರಂಗಿಲ್ಲ. ಅದಕ್ಕ ಹೊಲಿಗಿ ಮಶೀನ್ ಮಾರಬ್ಯಾಡ ಅಂದೀನಿ.

ಕಲೀಬೇಕು ಅಂತ ಅಕಿಗೆ ಮನಸ್ಸದ. ಜಾಹೀರಾತಿಗೆ ಕೊಟ್ಟ ರೊಕ್ಕ ದಾರಿಗೆ ಕೊಟ್ಟಿದ್ರ ಎಷ್ಟು ಛಲೋ ಇತ್ತು ಅನ್ನಸ್ತದ. ರಾಯಚೂರಿನ ಸಿದ್ದರಾಮ ಜಂಬಲದಿನ್ನಿ ರಂಗಮಂದಿರದಾಗ ನಾಟ್ಕ ಆಗ್ತಾವ, ಸಮುದಾಯದವ್ರು ಊರಾಗೇ ನಾಟ್ಕ ಮಾಡಿಸ್ತಾರ. ಕಲಬುರಗಿದಾಗ ರಂಗಾಯಣ ಅದ. ಒಂದು ವರ್ಷ ಪೂರ್ತಿ ಕಲೀತೀನಿ ಅಂದ್ರ ಹೆಗ್ಗೋಡಿನ ನೀನಾಸಂ ಅದ, 1980ರಿಂದ ಹುಡುಗ್ರು-ಹುಡುಗೇರನ್ನ ಅಲ್ಲೇ ಇಟ್ಕೊಂಡು ಕಲಸ್ಲಿಕತ್ತಾರ. ರಾಜು ತಾಳಿಕೋಟೆ ಕಂಪನಿ ನಾಟ್ಕದಾಗ ಬೆಳದ ಮ್ಯಾಲ 2009ರಾಗ 'ಮನಸಾರೆ' ಸಿನಿಮಾದಾಗ ನಮ್ಮ ಭಾಷೆದಾಗೇ ಮಾತಾಡಿ ಇಡೀ ರಾಜ್ಯ ನಗಿಸಿದ್ರು. ಅಷ್ಟು ವರ್ಷ ಸ್ಟೇಜ್ ಮ್ಯಾಲ ಬೆವರು ಹರಿಸಿದ್ದು ಅವರ ಮಾತಿನ್ಯಾಗ ಕೇಳ್ತಿತ್ತು.

ಹೋದ ಐತವಾರ ಮಾಳಿಗಿ ಮ್ಯಾಲ ವಿಡಿಯೋ ಮಾಡಿದ್ವಿ. ಒಳಗ ಮಾಡೋಣಂದ್ರ ಕರೆಂಟ್ ಹೋತು. ಶಕ್ತಿನಗರ ನಮ್ಮ ಜಿಲ್ಲಾದಾಗೇ ಇಟ್ಕೊಂಡು ನಮ್ಮನ್ಯಾಗ ಕತ್ತಲಿ, ಇರ್ಲಿ. ಮೊದ್ಲನೇ ಸಲ ಅಕಿ ಬೆಂಗಳೂರು ಕನ್ನಡದಾಗ ಡೈಲಾಗ್ ಹೇಳಿದ್ಳು, ಸಾಲಿ ಹುಡುಗಿ ಪದ್ಯ ಒಪ್ಪಿಸಿದಂಗಿತ್ತು. "ಅವ್ವನ ಜೋಡಿ ಜಗಳಾಡ್ತೀಯಲ್ಲ, ಹಂಗ ಹೇಳು" ಅಂದೆ. ಎರಡನೇ ಸಲಕ್ಕ ನನ್ನ ಮೈ ಜುಮ್ಮಂತು. ಖರೇನೇ, ಫೋನ್ ಹಿಡಿದ ಕೈ ಅಲುಗ್ಯಾಡಿ ಆ ವಿಡಿಯೋ ಕೆಟ್ಟು ಮೂರನೇ ಸಲ ಮಾಡಬೇಕಾತು. ಎರಡೂ ಭಾಷೆದಾಗಿಂದು ಕಳಿಸೀವಿ, ಒಂದು ಖರೇ ಕಡೀಗೆ, ಎಲ್ಲ ವಿಚಾರಿಸಿ. ನೋಡ್ಯಾರಂತ ನೀಲಿ ಗೆರಿ ಬಂದದ. ಉತ್ತರ ಬಂದಿಲ್ಲ.

ನಿಮ್ಮ ಮನ್ಯಾಗ ಯಾರಾರ ಹಿಂಗ ಕದ್ದು ಕಳಸಾಕತ್ತಿದ್ರ, ನಮ್ಮ ಮಾಳಿಗಿಗೆ ಕರ್ಕೊಂಡು ಬರ್ರಿ. ಸುಣ್ಣ ಹಚ್ಚಿದ ಬಿಳೀ ಗೋಡಿ ಅದ, ಫೋನ್ ನಿಲ್ಲಸಾಕ ಎರಡು ಇಟ್ಟಂಗಿ ಇಟ್ಟೀನಿ. ನಾಕರಿಂದ ಐದರ ತನಕ ಬಿಸಿಲು ಮುಖದ ಮ್ಯಾಲ ಛಲೋ ಬೀಳ್ತದ. ಐದರ ಮ್ಯಾಲ ಬಂದ್ರ ಬಾಜೂ ಮನಿ ಕುಕ್ಕರ್ ಸೀಟಿ ಡೈಲಾಗಿನ್ಯಾಗ ಬರ್ತದ.